ಇಪ್ಪತ್ತೊಂಬತ್ತನೆಯ ಉಂಗುರ

ಆ ಚಿತ್ರ ಈಗಲೂ ವರ್ಷಕ್ಕೊಮ್ಮೆ ರೋಮಿನ ಯಾವುದಾದರೊಂದು ಹಳೆಯ ಚಿತ್ರಮಂದಿರಕ್ಕೆ ಬರುತ್ತದೆ. ಗಾಜಿನ ಮುಚ್ಚಳದ ಶವಪೆಟ್ಟಿಗೆಯೊಳಗೆ ಮಲಗಿದ ಹೆಂಡತಿ ಕಣ್ಣು ಬಿಡುತ್ತಾಳೆ, ಗಾಜಿನ ಮೇಲೆ ಮಣ್ಣು ಬೀಳತೊಡಗುತ್ತದೆ, ಅವಳು “ಪ್ಯೆತಾ, ಬೀನೋ” ಎಂದು ಗಂಡನನ್ನು ಬೇಡುತ್ತಾಳೆ. ದಯೆಯಿರಲಿ ಬೀನೋ, ಎಂದು. ಕಾಲೇಜು ಹುಡುಗರು ಟ್ರಾಮ್ ತಪ್ಪಿಹೋದರೂ ಅದನ್ನೇ ಅಣಕಿಸಿ ನಗುತ್ತಾರೆ. ಆ ಮಾತು ಬರೆದವಳು ನಾನು. ಅದನ್ನು ಆಡಿದ ದನಿ ಆ ನಟಿಯದಲ್ಲ. ಆ ತುಟಿಗಳು ನಿಜವಾಗಿ ಏನು ಹೇಳಿದವು ಎಂಬುದು ನಾಲ್ಕು ಜನರಿಗೆ ಗೊತ್ತಿತ್ತು. ಅವರಲ್ಲಿ ಇಬ್ಬರು ಈಗಿಲ್ಲ. ನನಗೂ ವಯಸ್ಸಾಯಿತು, ಹೇಳಿಬಿಡುತ್ತೇನೆ.

ನನ್ನ ಹೆಸರು ಎರ್ಸಿಲಿಯಾ. ಬೇರೆಯವರ ಬಾಯಿಗೆ ಮಾತು ತುರುಕುವುದು ನನ್ನ ಕಸುಬು. ನಮ್ಮಲ್ಲಿ ಆಗೆಲ್ಲ ಸಿನಿಮಾಗಳನ್ನು ದನಿಯಿಲ್ಲದೆ ತೆಗೆಯುತ್ತಿದ್ದರು. ಕ್ಯಾಮೆರಾ ಓಡುತ್ತಿರುವಾಗಲೇ ಪಕ್ಕದಲ್ಲಿ ಬಡಗಿ ಮೊಳೆ ಹೊಡೆಯುತ್ತಿದ್ದ, ನಿರ್ದೇಶಕ ‘ಎಡಕ್ಕೆ ತಿರುಗು, ಈಗ ಅಳು’ ಎಂದು ಕೂಗುತ್ತಲೇ ಇರುತ್ತಿದ್ದ. ಮಾತು ಮರೆತ ನಟರು ಒಂದು, ಎರಡು, ಮೂರು ಎಂದು ಎಣಿಸಿದರೂ ನಡೆಯುತ್ತಿತ್ತು. ಅಂಥ ಎಣಿಕೆಗಳಿಗೆ ನಾನು ಎಷ್ಟೋ ಪ್ರೇಮ ನಿವೇದನೆಗಳನ್ನು ಹೊಂದಿಸಿದ್ದೇನೆ. ಮಾತೆಲ್ಲ ಆಮೇಲೆ ನಮ್ಮ ಡಬ್ಬಿಂಗ್ ಹಾಲಿನಲ್ಲಿ. ಅಲ್ಲಿ ಚಿತ್ರವನ್ನು ಅರ್ಧರ್ಧ ನಿಮಿಷದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ತಲೆಗೂ ಬಾಲಕ್ಕೂ ಗಂಟು ಹಾಕಿ ಯಂತ್ರಕ್ಕೆ ಏರಿಸುತ್ತಿದ್ದರು. ದನಿ ತುಟಿಗೆ ಕೂರುವವರೆಗೂ ಅದೇ ತುಂಡು ಸುತ್ತಿ ಸುತ್ತಿ ಪರದೆಗೆ ಬರುತ್ತಿತ್ತು. ಅದನ್ನು ನಾವು ಉಂಗುರ ಎನ್ನುತ್ತಿದ್ದೆವು. ತುಟಿ ಎಲ್ಲಿ ಮುಚ್ಚಿತು, ಎಲ್ಲಿ ತೆರೆಯಿತು ಎಂದು ನೋಡಿ ಅದಕ್ಕೆ ಒಪ್ಪುವ ಮಾತು ಬರೆಯುವುದು ನನ್ನ ಕೆಲಸ. ಇಡೀ ರೋಮಿನಲ್ಲಿ ನನ್ನಷ್ಟು ಚೆನ್ನಾಗಿ ಆ ಕೆಲಸ ಮಾಡುವವರು ಇರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಕೆಟ್ಟದ್ದೆಲ್ಲ ಆದದ್ದು ಆ ಜಂಬದಿಂದ.

ಆ ಚಿತ್ರದ ನಿರ್ದೇಶಕ ಲಾಂಬೆರ್ತೋ. ಕನ್ನಡಕ ಹಾಕಿದವರನ್ನೆಲ್ಲ ರೋಮಿನವರು ‘ದೊತ್ತೋರೆ’, ಅಂದರೆ ಓದಿದವರು, ಎನ್ನುವುದರಿಂದ ಅವನೂ ನಮಗೆ ದೊತ್ತೋರೆ. ನಾಯಕಿ ಅವನ ಹೆಂಡತಿ ಇಲ್ವಾ. ಸಮುದ್ರದಂಡೆಯ ಪ್ಯೋಂಬೀನೋ ಊರಿನ ಉಕ್ಕಿನ ಕಾರ್ಖಾನೆ ಕೆಲಸಗಾರನ ಮಗಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚಿತ್ರೀಕರಣದ ಕೊನೆಯ ದಿನ ಶವಪೆಟ್ಟಿಗೆಯ ದೃಶ್ಯ ತೆಗೆಯುವಾಗ ಇಲ್ವಾ ಅದರೊಳಗೇ ಪ್ರಜ್ಞೆ ತಪ್ಪಿದಳು. ಅವಳು ಮೂರು ತಿಂಗಳ ಬಸುರಿ ಎಂಬುದು ಗಂಡ ಹೆಂಡತಿಗಷ್ಟೇ ಗೊತ್ತಿತ್ತು. ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು.

ಎರಡು ವಾರದ ನಂತರ ಲಾಂಬೆರ್ತೋ ನಮ್ಮ ಹಾಲಿಗೆ ಬಂದ. ಗಡ್ಡ ಬಿಟ್ಟಿದ್ದ, ಅಂಗಿ ಇಸ್ತ್ರಿ ಕಂಡಿರಲಿಲ್ಲ. ನನ್ನ ಮುಂದೆ ಕೂತು ಅತ್ತ. ಉಸಿರು ಕಟ್ಟಿದರೆ ಹೇಳಲಿ ಎಂದು ತಾವಿಬ್ಬರೂ ಒಂದು ಮಾತು ಗೊತ್ತು ಮಾಡಿಕೊಂಡಿದ್ದರಂತೆ. ‘ಸಾಕು’, ‘ನಿಲ್ಲಿಸಿ’ ಎಂದರೆ ನಟನೆಯೋ ನಿಜವೋ ತಿಳಿಯುವುದಿಲ್ಲ, ಅದಕ್ಕೆ ಕಥೆಯಲ್ಲಿ ಬರಲಾರದ ಒಂದು ಮಾತು. ಅದು ಕಿವಿಗೆ ಬಿದ್ದ ಕ್ಷಣ ಅವನು ಕ್ಯಾಮೆರಾ ನಿಲ್ಲಿಸಬೇಕು.

“ಅವಳು ಹೇಳ್ಲೇ ಇಲ್ಲ, ಸಿನ್ಯೋರಾ,” ಅಂದ. “ಶಾಟ್ ಚೆನ್ನಾಗಿ ಬರ್ತಿತ್ತಲ್ಲ, ಅದು ಹಾಳಾಗಬಾರದು ಅಂತ ಹಲ್ಲು ಕಚ್ಕೊಂಡು ಮಲಗಿದ್ಳು. ನಾನು ಬೈಯೋಕೂ ಆಗಲ್ಲ.”

ನಾನು ಅವನ ಕೈಗೆ ನೀರಿನ ಲೋಟ ಕೊಟ್ಟೆ. ಆ ಮಾತು ಯಾವುದೆಂದು ನಾನು ಕೇಳಲಿಲ್ಲ. ಗಂಡಹೆಂಡಿರ ಗುಟ್ಟು ನನಗೇಕೆ?

ಆಮೇಲೆ ಅವನು ಕೆಲಸದ ವಿಷಯಕ್ಕೆ ಬಂದ. ಶವಪೆಟ್ಟಿಗೆಯ ಆ ತುಂಡು ಇಪ್ಪತ್ತೊಂಬತ್ತನೆಯ ಉಂಗುರ. ಚಿತ್ರಕಥೆಯಲ್ಲಿ ‘ಕಿರುಚುತ್ತಾಳೆ’ ಎಂದಷ್ಟೇ ಇತ್ತು. ಬರೀ ಕಿರುಚಾಟ ಹಾಕಿಬಿಡಿ, ತಲೆ ಕೆಡಿಸಿಕೊಳ್ಳಬೇಡಿ ಎಂದ. ಆದರೆ ಆ ತುಟಿಗಳು ಕಿರುಚುತ್ತಿರಲಿಲ್ಲ. ಮುಚ್ಚಿ ತೆರೆಯುತ್ತಿದ್ದವು, ಮತ್ತೆ ಮುಚ್ಚಿ ಅಗಲವಾಗುತ್ತಿದ್ದವು, ಕೊನೆಗೆ ದುಂಡಗಾಗುತ್ತಿದ್ದವು. ಒಂದೇ ಮಾತು ನಾಲ್ಕು ಸಲ. ಇದಕ್ಕೆ ಕಿರುಚಾಟ ಹಾಕಿದರೆ ಜನ ನಗುತ್ತಾರೆ ದೊತ್ತೋರೆ, ನನ್ನ ಹೆಸರು ಹಾಳಾಗುತ್ತದೆ ಎಂದು ನಾನೇ ಹಟ ಹಿಡಿದೆ. ನಾಲ್ಕು ದಿನ ಆ ಉಂಗುರವನ್ನು ಸುತ್ತಿಸಿ ಸುತ್ತಿಸಿ ನೋಡಿದೆ. ಐದನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಕಥೆಯಲ್ಲಿ ಅವಳ ಗಂಡನಾದ ಶ್ರೀಮಂತ ಕೌಂಟನ ಹೆಸರು ಅಲ್ಬೀನೋ. ಹೆಂಡತಿ ಮುದ್ದಿನಿಂದ ಬೀನೋ ಎನ್ನಬಹುದಲ್ಲ? ಪ್ಯೆತಾ, ಬೀನೋ. ಮೊದಲಲ್ಲಿ ತುಟಿ ಮುಚ್ಚಿತು, ನಡುವೆ ಮುಚ್ಚಿತು, ಕೊನೆಗೆ ದುಂಡಗಾಯಿತು. ಕೈಗವಸಿನಂತೆ ಕೂತಿತು.

ಲಾಂಬೆರ್ತೋಗೆ ಕಾಗದ ತೋರಿಸಿದೆ. ಅದನ್ನು ಓದಿ ಅವನು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ನನ್ನ ಕೈಗೆ ಮುತ್ತಿಟ್ಟ. ಐವತ್ತು ದಾಟಿದ ವಿಧವೆ ನಾನು, ಆ ಮುತ್ತನ್ನು ಮನೆವರೆಗೂ ಜೋಪಾನವಾಗಿ ಒಯ್ದೆ.

ಇಲ್ವಾಳ ದನಿಗೆ ಬೇರೆ ಹುಡುಗಿಯನ್ನು ಕರೆಸುತ್ತೇನೆ ಎಂದು ಅವನು ಹೇಳುತ್ತಿದ್ದ. ನಿರ್ಮಾಪಕ ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಆಗಲೇ ‘ಶವಪೆಟ್ಟಿಗೆಯಲ್ಲಿ ನಿಜವಾಗಿ ಹೆದರಿದ ನಟಿ’ ಎಂದು ಬಂದಿತ್ತು, ಅವಳದೇ ದನಿ ಬೇಕೆಂದು ಹಟ ಮಾಡಿದ. ಹಾಗಾಗಿ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಇಲ್ವಾ ಬಂದಳು.

ಡಬ್ಬಿಂಗ್ ಹಾಲ್ ಇನ್ನೂ ತೆರೆದಿರಲಿಲ್ಲ. ನಾನೇ ಅವಳನ್ನು ಎದುರಿನ ಕಾಫಿ ಅಂಗಡಿಗೆ ಕರೆದುಕೊಂಡು ಹೋದೆ. ಬೂದು ಕೋಟು ಅವಳ ಮೈಮೇಲೆ ನೇತುಹಾಕಿದಂತಿತ್ತು. ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿ, ಕಲಕಿ, ಕುಡಿಯದೆ ಕೂತಳು. ಕೇಳದಿದ್ದರೂ ತಾನಾಗಿಯೇ ಹೇಳತೊಡಗಿದಳು. ಪೆಟ್ಟಿಗೆಯೊಳಗೆ ಮಣ್ಣಿನ ಸದ್ದು ಕೇಳಿದ್ದು ನೆನಪಿದೆಯಂತೆ, ಗಾಜು ಬಾಯ ಹತ್ತಿರ ಮಂಜಾದದ್ದು ನೆನಪಿದೆಯಂತೆ, ಅದರಾಚೆಗೆ ಏನೂ ಇಲ್ಲ. ಎಚ್ಚರವಾದಾಗ ಆಸ್ಪತ್ರೆ. ನೀನು ಹೇಳಲೇ ಇಲ್ಲವಲ್ಲೇ ಎಂದು ಗಂಡ ಹಾಸಿಗೆ ಪಕ್ಕದಲ್ಲಿ ಅಳುತ್ತಿದ್ದ. ಅಲ್ಲಿಂದ ಇಲ್ಲಿಯವರೆಗೆ ಅವಳಿಗೆ ಅದೊಂದೇ ಯೋಚನೆ.

“ಒಂದು ಮಾತು ಸಿನ್ಯೋರಾ. ಒಂದೇ ಒಂದು. ಅಷ್ಟು ಹೇಳಿದ್ರೆ ಮಗು ಇರ್ತಿತ್ತು,” ಅಂದಳು. “ನನ್ನ ಮುಖ ಪರದೆ ಮೇಲೆ ಚೆನ್ನಾಗಿ ಕಾಣ್ಲಿ ಅಂತ ಮಗೂನ ಕೊಂದ್ಕೊಂಡ್ನಾ ನಾನು? ಅಮ್ಮನಿಗೆ ಏನಂತ ಮುಖ ತೋರಿಸ್ಲಿ?”

ಸಮಾಧಾನ ಮಾಡಲು ನನಗೆ ಬೇರೇನೂ ತೋಚಲಿಲ್ಲ. ಅದೇನಮ್ಮಾ ಅಂಥಾ ಮಾತು, ಎಂದು ಕೇಳಿದೆ. ಆಗ ಅವಳು ಸ್ವಲ್ಪ ನಕ್ಕಳು. ಮದುವೆಯಾದ ಹೊಸದರಲ್ಲಿ ಲಾಂಬೆರ್ತೋ ಅವಳನ್ನು ದೊಡ್ಡವರ ಮನೆಯ ಊಟಗಳಿಗೆ ಕರೆದೊಯ್ಯುತ್ತಿದ್ದನಂತೆ. ಅಲ್ಲಿ ಇವಳಿಗೆ ಬೇಜಾರು. ಮನೆಗೆ ಹೋಗೋಣ ಎಂದು ಎಲ್ಲರೆದುರು ಹೇಳುವುದು ಹೇಗೆ? ಮೇಜಿನ ಆಚೆಯಿಂದ ತನ್ನ ಊರಿನ ಹೆಸರನ್ನು ಬಾಯಲ್ಲೇ ಆಡುತ್ತಿದ್ದಳು. ಅವನು ತಟ್ಟನೆ ಎದ್ದು ಅವಳ ಕೋಟು ಹುಡುಕಲು ಹೋಗುತ್ತಿದ್ದ. ಒಂದು ಸಲವೂ ತಪ್ಪಿದವನಲ್ಲ.

“ಪ್ಯೋಂಬೀನೋ,” ಅಂದಳು ಇಲ್ವಾ. “ಅಷ್ಟೇ.”

ಕಸುಬಿನ ಚಾಳಿ, ನಾನು ಜನರ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತೇನೆ. ಮುಚ್ಚಿ ತೆರೆಯಿತು, ಮತ್ತೆ ಮುಚ್ಚಿ ಅಗಲವಾಯಿತು, ಕೊನೆಗೆ ದುಂಡಗಾಯಿತು. ನಾಲ್ಕು ದಿನ ನೋಡಿದ್ದ ತುಟಿಗಳು. ನೀನು ಹೇಳಿದ್ದೀಯಮ್ಮಾ, ನಾಲ್ಕು ಸಲ ಹೇಳಿದ್ದೀಯ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವಳ ಆ ಮಾತನ್ನು ಅಳಿಸಿ ಅದರ ಮೇಲೆ ಬೇರೆ ಮಾತು ಬರೆದವಳು ನಾನೇ ಅಲ್ಲವೇ?

ಅವಳನ್ನು ಅಂಗಡಿಯಲ್ಲೇ ಬಿಟ್ಟು, ಹಾಲ್ ತೆರೆದ ಕೂಡಲೇ ಓಡಿ ಲಾಂಬೆರ್ತೋನನ್ನು ಹಿಡಿದೆ. ಅವನು ಗಾಜಿನ ಕೋಣೆಯಲ್ಲಿ, ದನಿ ಮುದ್ರಿಸುವ ಗಾಸ್ತೋನೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಗಾಸ್ತೋನೆಯನ್ನು ಸಿಗರೇಟು ಸೇದಲು ಆಚೆ ಕಳಿಸಿ, ಅವಳು ಮಾತು ಹೇಳಿದ್ದಳು ಎಂದೆ. ಅವನು ಮುಖ ತಿರುಗಿಸಲಿಲ್ಲ.

“ನಡುವೆ ಗಾಜಿತ್ತು. ನಂಗೇನು ಕೇಳ್ಸುತ್ತೆ?” ಅಂದ. “ತುಟಿ ಓದೋದು ನಿಮ್ಮ ಕೆಲಸ, ನಂದಲ್ಲ. ನೀವೇ ಓದಿ ಬರೆದಿದ್ದೀರಲ್ಲ, ಪ್ಯೆತಾ ಬೀನೋ ಅಂತ? ನಿಮ್ಮದೇ ಅಕ್ಷರದಲ್ಲಿದೆ.”

ಅವಳಿಗೆ ಹೇಳುತ್ತೇನೆ ಎಂದೆ. ಆಗ ಅವನು ಕನ್ನಡಕ ತೆಗೆದು ಒರೆಸಿಕೊಂಡ.

“ಹೇಳಿ. ತಪ್ಪು ತನ್ನದು ಅಂದ್ಕೊಂಡ್ರೆ ಅಳ್ತಾಳೆ, ಆರು ತಿಂಗಳಿಗೆ ಸರಿ ಹೋಗ್ತಾಳೆ. ಗಂಡಂದು ಅಂತ ಗೊತ್ತಾದ್ರೆ ಎಲ್ಲಿಗೆ ಹೋಗ್ತಾಳೆ? ನಮ್ಮ ದೇಶದಲ್ಲಿ ಕಟ್ಕೊಂಡ ಗಂಡನ್ನ ಬಿಡೋ ಕಾನೂನಿದೆಯಾ?”

ಇಷ್ಟು ಮೆದುವಾಗಿ ಮಾತಾಡುವ ದುಷ್ಟನನ್ನು ನಾನು ಯಾವ ಭಯಾನಕ ಚಿತ್ರದಲ್ಲೂ ಕಂಡಿಲ್ಲ. ಆದರೂ ನನ್ನ ಕಾಗದವನ್ನು ಒಯ್ದು ಮೈಕಿನ ಸ್ಟ್ಯಾಂಡಿನ ಮೇಲೆ ಇಟ್ಟೆ.

ಇಲ್ವಾ ಒಳಗೆ ಬಂದಳು. ಹಾಲಿನಲ್ಲಿ ಕೋಟು ಹಾಕಿಕೊಳ್ಳುವಂತಿಲ್ಲ, ಬಟ್ಟೆಯ ಸರಪರ ಮೈಕಿಗೆ ಬೀಳುತ್ತದೆ. ಅವಳ ಬೂದು ಕೋಟನ್ನು ಗಾಜಿನ ಕೋಣೆಯ ಮೊಳೆಗೆ ನೇತುಹಾಕಿದರು. ಅವಳು ಮೈಕಿನೆದುರು ನಿಂತಳು. ಸ್ಟ್ಯಾಂಡಿನ ಮೇಲೆ ನನ್ನ ಕಾಗದ, ಅದಕ್ಕೊಂದು ಪುಟ್ಟ ದೀಪ. ಮಾತು ಎಲ್ಲಿ ಶುರುವಾಗಬೇಕೋ ಅಲ್ಲಿಗೆ ಸರಿಯಾಗಿ ಭುಜ ತಟ್ಟಲು ಹಿಂದೆ ನಾನು.

ಇಪ್ಪತ್ತೊಂಬತ್ತು ತಿರುಗತೊಡಗಿತು. ತನ್ನನ್ನೇ ತಾನು ಪೆಟ್ಟಿಗೆಯಲ್ಲಿ ಕಂಡಾಗ ಅವಳ ಮೈ ಸೆಟೆದುಕೊಂಡಿತು. ನಾನು ತಟ್ಟಿದೆ. ಅವಳು “ಪ್ಯೆತಾ, ಬೀನೋ” ಎಂದಳು. ಕೂರಲಿಲ್ಲ, ಕೂದಲೆಳೆಯಷ್ಟು ಉದ್ದವಾಯಿತು. ಬೇಗ ಹೇಳು ಎಂದು ಕೋಣೆಯಿಂದ ಲಾಂಬೆರ್ತೋನ ದನಿ ಸ್ಪೀಕರಿನಲ್ಲಿ ಬಂತು. ಬೇಗ ಹೇಳಿದಳು. ಆಗಲೂ ಕೂರಲಿಲ್ಲ. ತನ್ನ ಬಾಯಿಗೆ ತನ್ನ ದನಿಯೇ ಹೊಂದುತ್ತಿಲ್ಲವಲ್ಲ ಎಂದು ನನ್ನ ಕಡೆ ತಿರುಗಿ, ಕ್ಷಮಿಸಿ ಸಿನ್ಯೋರಾ, ನನ್ನದೇ ತಪ್ಪು, ಎಂದಳು.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಾನು ಕೈ ಚಾಚಿ ಸ್ಟ್ಯಾಂಡಿನ ದೀಪ ಆರಿಸಿದೆ. ಕಾಗದ ತೆಗೆದು ಜೇಬಿಗೆ ಹಾಕಿಕೊಂಡೆ.

“ಕಾಗದ ಬೇಡ,” ಅಂದೆ. “ನಿನ್ನ ತುಟಿ ನೋಡು. ಅದು ಹೇಳಿದ್ದನ್ನ ಹೇಳು.”

ಏನು ಮಾಡುತ್ತಿದ್ದೀರಿ ಎಂದು ಸ್ಪೀಕರ್ ಕೇಳಿತು. ಉಂಗುರ ಒಂದು ಸುತ್ತು ಬಂತು, ಅವಳು ಸುಮ್ಮನೆ ನೋಡಿದಳು. ಇನ್ನೊಂದು ಸುತ್ತು ಬಂತು, ಅವಳ ತುಟಿಗಳು ದನಿಯಿಲ್ಲದೆ ಅಲುಗಿದವು. ಮೂರನೆಯ ಸುತ್ತಿಗೆ ನಾನು ಭುಜ ತಟ್ಟಿದೆ.

“ಪ್ಯೋಂಬೀನೋ,” ಅಂದಳು ಇಲ್ವಾ. ಪರದೆಯ ಮೇಲೆ ಮಣ್ಣು ಬಿತ್ತು. “ಪ್ಯೋಂಬೀನೋ.” ಗಾಜು ಮಂಜಾಯಿತು. “ಪ್ಯೋಂಬೀನೋ. ಪ್ಯೋಂಬೀನೋ.”

ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಆಗ ಇನ್ನೊಂದನ್ನೂ ಗಮನಿಸಿದೆ. ಆ ದೃಶ್ಯದಲ್ಲಿ ಕೌಂಟನ ಪಾತ್ರದವನು ಅವಳ ಬಲಕ್ಕಿದ್ದ. ಅವಳ ಕಣ್ಣು ಎಡಕ್ಕಿತ್ತು, ಕ್ಯಾಮೆರಾ ಪಕ್ಕಕ್ಕೆ, ನಿರ್ದೇಶಕ ನಿಲ್ಲುವ ಜಾಗಕ್ಕೆ.

ಗಾಸ್ತೋನೆ ಪಾಪ, ಆ ಮಾತಿನ ಗುಟ್ಟು ಅವನಿಗೆ ಗೊತ್ತಿಲ್ಲ. “ಇದು ಸರಿಯಾಗಿ ಕೂತಿತು ದೊತ್ತೋರೆ, ಇದನ್ನೇ ಇಟ್ಕೊಳ್ಳಲಾ?” ಎಂದು ಕೇಳಿದ್ದು ಸ್ಪೀಕರಿನಲ್ಲಿ ನಮಗೂ ಕೇಳಿಸಿತು.

ದೀಪ ಹಾಕಿದರು. ಇಲ್ವಾ ಅಳಲಿಲ್ಲ. ಲಾಂಬೆರ್ತೋ ಸ್ಪೀಕರಿನಲ್ಲಿ ಒಂದೇ ಸಮ ಮಾತಾಡುತ್ತಿದ್ದ. ಗಾಜು ದಪ್ಪ ಇತ್ತು, ಮಣ್ಣಿನ ಸದ್ದು ಬೇರೆ, ಒಂದಕ್ಷರ ಕೇಳಿಸಿದ್ದರೂ ನಿಲ್ಲಿಸುತ್ತಿರಲಿಲ್ಲವೇ, ಮಗು ನನ್ನದೂ ಅಲ್ಲವೇ ಎಂದ. ಅವಳು ಕೇಳುತ್ತಾ ನಿಂತಳು. ನಂಬಿಬಿಡುತ್ತಾಳೆ ಎಂದೇ ನಾನಂದುಕೊಂಡೆ. ನಂಬಿದರೆ ಬದುಕು ಸುಲಭ, ನಾನೂ ಇಷ್ಟು ದಿನ ನಂಬಿದ್ದೆನಲ್ಲ.

ಅವನ ಮಾತು ಮುಗಿಯಿತು. ಇಲ್ವಾ ಮೈಕಿನಿಂದ ದೂರ ಸರಿದು, ಗಾಜಿನ ಕೋಣೆಗೆ ನೇರವಾಗಿ ತಿರುಗಿ ನಿಂತಳು. ಅವನನ್ನೇ ನೋಡುತ್ತಾ, ದನಿಯೇ ಇಲ್ಲದೆ, ಬರೀ ತುಟಿಯಲ್ಲಿ ತನ್ನ ಊರಿನ ಹೆಸರು ಹೇಳಿದಳು. ಮೇಜಿನ ಆಚೆಯಿಂದ ಹೇಳುತ್ತಿದ್ದಳಲ್ಲ, ಹಾಗೆ. ನಡುವೆ ಗಾಜಿತ್ತು.

ಲಾಂಬೆರ್ತೋ ಎದ್ದ. ಎದ್ದು, ತಿರುಗಿ, ಮೊಳೆಯ ಮೇಲಿದ್ದ ಅವಳ ಕೋಟಿಗೆ ಕೈ ಹಾಕಿದ.

ಕೈ ಕೋಟಿನ ಮೇಲಿದ್ದಂತೆಯೇ ತಾನು ಮಾಡಿದ್ದೇನೆಂದು ಅವನಿಗೆ ತಿಳಿಯಿತು. ಅವಳಿಗೂ ತಿಳಿಯಿತು. ಅವಳು ಕೋಣೆಗೆ ಹೋಗಿ ಅವನ ಕೈಯಿಂದ ಕೋಟು ತೆಗೆದುಕೊಂಡು, ತಾನೇ ಹಾಕಿಕೊಂಡು, ಗುಂಡಿಗಳನ್ನೆಲ್ಲ ನಿಧಾನವಾಗಿ ಹಾಕಿ, ಹೊರಟುಹೋದಳು. ಅಂದೇ ಮಧ್ಯಾಹ್ನದ ರೈಲಿಗೆ ಪ್ಯೋಂಬೀನೋಗೆ ಹೋದಳೆಂದು ಆಮೇಲೆ ಗೊತ್ತಾಯಿತು. ಸಾಯುವವರೆಗೂ ಕಾಗದದ ಮೇಲೆ ಅವನ ಹೆಂಡತಿಯಾಗಿಯೇ ಇದ್ದಳು.

ಮಾರನೆಯ ದಿನ ಬೇರೊಬ್ಬ ಹುಡುಗಿ ಬಂದಳು. ಲಾಂಬೆರ್ತೋ ನನ್ನ ಮುಂದೆ ಕೈ ಚಾಚಿದ. ಜೇಬಿನಲ್ಲಿ ಮುದುಡಿದ್ದ ಕಾಗದವನ್ನು ಬಿಡಿಸಿ ಕೊಟ್ಟೆ. ಉಂಗುರ ತಿರುಗಿತು, ಜಾಗ ಬಂದಾಗ ಆ ಹುಡುಗಿಯ ಭುಜ ತಟ್ಟಿದವಳೂ ನಾನೇ.