ಒಡೆದ ತಟ್ಟೆಗಳ ದಿಬ್ಬ

"ನೆಟ್ಟಗೆ ಹಿಡಿಯೋ, ಬೋಳಿಮಗನೆ! ಕೋಲೂ ನಿನ್ನಂಗೇ ಓಲಾಡ್ತದಲ್ಲೋ!"

ಕುದುರೆಯ ಮೇಲಿಂದ ಬೊದ್ರೋ ದೊರೆ ಬೈದ. ಅವನ ಕಬ್ಬಿನಾಳು ತಿಯೋಫೀಲ್ ಅಳತೆಕೋಲನ್ನು ಎದೆಗಾನಿಸಿಕೊಂಡ. ಲೂಯಿಸಿಯಾನದ ಆ ನೆಲ ಎಷ್ಟು ಸಮತಟ್ಟೆಂದರೆ, ಬಾಯೂ ಎನ್ನುವ ಜೌಗು ಹಳ್ಳದ ನೀರಿಗೂ ಎತ್ತ ಹರಿಯಬೇಕೆಂದು ತಿಳಿಯದು. ಸರ್ಕಾರಕ್ಕೆ ನಕಾಶೆ ಬರೆಯುವ ವಿಟ್ಕಂಬ್ ದುರ್ಬೀನಿಗೆ ಕಣ್ಣಿಟ್ಟು ಅಂಗುಲ ಅಂಗುಲವಾಗಿ ಎತ್ತರ ಬರೆದುಕೊಳ್ಳುತ್ತಿದ್ದ. ನಕಾಶೆಯಲ್ಲಿ ಖಾಲಿ ಜಾಗವೆಂದು ಗುರುತಾದಲ್ಲೆಲ್ಲ ದೊರೆ ಹೊಸ ಕಾಲುವೆ ತೋಡಿಸುವವನಿದ್ದ.

ಕಬ್ಬು ಸವರಿದಾಗ ದಿಬ್ಬವೊಂದು ಕಂಡಿತು. ಮೇಲೆಲ್ಲ ಒಡೆದ ತಟ್ಟೆ, ಕಿವಿ ಮುರಿದ ಲೋಟ, ಔಷಧಿ ಸೀಸೆ.

"ಏನಿದು?" ವಿಟ್ಕಂಬ್ ಕೇಳಿದ.

"ತಿಪ್ಪೆ. ಈ ಕರಿಯರು ತಿಂದಿದ್ದಲ್ಲೇ ಬಿಸಾಕ್ತವೆ. ಅಲ್ವೇನ್ಲಾ?"

ತಿಯೋಫೀಲನ ಬಸುರಿ ಹೆಂಡತಿ ಇದ್ದದ್ದು ದೊರೆ ಕೊಟ್ಟ ಗುಡಿಸಲಲ್ಲಿ; ಎದುರಾಡಿದರೆ ಬೀದಿಪಾಲು.

"ಹೂಂ ದೊರೆ. ತಿಪ್ಪೆ."

ಪಕ್ಕದ ಸಾಲಿನಲ್ಲಿ ಒದಾಲಿ ಚಿಕ್ಕಮ್ಮನ ಕಬ್ಬಿನ ಕತ್ತಿ ನಿಂತಿತು. ಮುದುಕಿ ಅವನತ್ತ ತಿರುಗಲಿಲ್ಲ.

ಸತ್ತವರು ಕಡೆಗೆ ಉಂಡ ತಟ್ಟೆಯನ್ನು ಒಡೆದು ಗೋರಿಯ ತಲೆದೆಸೆಯಲ್ಲಿಡುವುದು ತಿಯೋಫೀಲನ ಜನರ ಪದ್ಧತಿ. ದಿಬ್ಬದ ಮೇಲಿದ್ದ ಹಸಿರಂಚಿನ ತಟ್ಟೆಯನ್ನು ಒಡೆದಿಟ್ಟವನು ಅವನೇ.

"ಹತ್ತಿ ನಿಲ್ಲಪ್ಪ. ಎತ್ತರ ನೋಡ್ತೀನಿ," ಎಂದ ವಿಟ್ಕಂಬ್.

ಹತ್ತಿದ. ಕೋಲಿನ ಕಬ್ಬಿಣದ ಬುಡ ಹಸಿರಂಚಿನ ಚೂರಿನ ಮೇಲೆ ಕೂತು ಕಿರ್ರೆಂದಿತು. ಆ ಸದ್ದು ಹಲ್ಲಿನ ಬೇರಿಗಿಳಿಯಿತು. ಭೂಮಿ ಬಾಯಿಬಿಡಬಾರದೇ ಎಂದುಕೊಂಡವನು ಬೆಚ್ಚಿದ. ಬಿಟ್ಟರೆ ಒಳಗೆ ಅವ್ವನಿದ್ದಾಳೆ. ಯಾವ ಮುಖ ತೋರಿಸುವುದು, ದೇವರೇ?

ಕೋಲನ್ನೆತ್ತಿ ಕಬ್ಬಿನ ಮೇಲೆ ಮಲಗಿಸಿದ.

"ಸುಳ್ಳು ಬೊಗಳ್ದೆ ಸ್ವಾಮಿ. ಇಲ್ಲಿ ನಮ್ಮವ್ವ ಮಲಗವ್ಳೆ. ಬರ್ಕಳಿ."

"ನಿನ್ನ ನಾಲಿಗೆ ಸೇದೋಗ!" ದೊರೆಯ ಚಾವಟಿ ಬೆನ್ನಿಗೆ ಸುತ್ತಿಕೊಂಡಿತು.

ತಿಯೋಫೀಲ್ ಅಲುಗಲಿಲ್ಲ. ಈ ಉರಿ ಆ 'ಹೂಂ'ಗಿಂತ ಹಗುರವಾಗಿತ್ತು.

ವಿಟ್ಕಂಬ್ ಮುಜುಗರದಿಂದ ಕೆಮ್ಮಿದ. "ಸ್ಮಶಾನ ಆದ್ರೆ ಒಂದು ಶಿಲುಬೆ ಗುರುತು ಹಾಕ್ಬಹುದು, ಅಷ್ಟೇ. ಎಷ್ಟು ಹೆಣ ಇದಾವೆ?"

"ಹೆಣ ಅನ್ಬ್ಯಾಡಿ." ತಿಯೋಫೀಲ್ ಮೊಣಕಾಲೂರಿ ಚೂರುಗಳನ್ನು ಮುಟ್ಟುತ್ತ ಹೋದ. "ಯೂಫ್ರಾಸಿ, ನಮ್ಮವ್ವ. ನರ್ಸಿಸ್, ನಮ್ಮ ತಾತ. ಇದು..."

ಬೆರಳುದ್ದದ ಲೋಟ. ಯಾರದೆಂದು ಅವನಿಗೆ ಗೊತ್ತಿರಲಿಲ್ಲ.

"ನನ್ನ ಮಗ್ಳು." ಒದಾಲಿ ಚಿಕ್ಕಮ್ಮ ಕಬ್ಬು ಸರಿಸಿ ದಿಬ್ಬಕ್ಕೆ ಬಂದಳು. "ಹೆಸ್ರಿಡೋಕ್ ಮುಂಚೆ ಹೋಯ್ತು ಕೂಸು. ಅದ್ನೂ ಬರ್ಕೊಳಯ್ಯ."

ವಿಟ್ಕಂಬನ ಪೆನ್ಸಿಲ್ ಕಾಗದಕ್ಕೆ ತಾಕದೆ ನಿಂತಿತ್ತು. ಅವನು ದೊರೆಯ ಮುಖ ನೋಡುತ್ತಿದ್ದ.