ಸಾಕ್ಷಿಕಟ್ಟೆಯಲ್ಲಿ ಬೀರವ್ವ

ಮತ್ತೆ ಸೀನಿದರು ಜಡ್ಜಸಾಹೇಬರು, ಬ್ಯಾಡಗಿ ಪೇಟೆಯ ಘಾಟು ನನ್ನ ಅಂಗಿಯಲ್ಲೇ ಹಾವೇರಿ ಕೋರ್ಟಿನವರೆಗೂ ಬಂತೋ ಏನೋ, ನಿನ್ನೆ ಸಂಜೆವರೆಗೂ ಮೆಣಸಿನಕಾಯಿ ಚೀಲ ಹೊತ್ತವನು ನಾನು, ಸೀನಿಸಿದ್ದಕ್ಕೂ ಒಂದು ಕಲಂ ಜಡಿದಾರು, ಜಡಿಯಲಿ, ಇದ್ದದ್ದರ ಜತೆಗೆ ಅದೂ ಇರಲಿ — ವಕೀಲ ಶಂಭುಲಿಂಗ ಇನ್ನೂ ನಿಂತೇ ಇದ್ದಾರೆ, ನನ್ನ ಕಕ್ಷಿದಾರ ಡಾಕಪ್ಪ ಬಡವ, ಲೈಸೆನ್ಸಿಲ್ಲದ ಆ ನಾಡಬಂದೂಕು ಅವನದಲ್ಲ, ಕೊಟ್ಟಿಗೆಯಲ್ಲಿ ಯಾರು ಬೇಕಾದರೂ ಇಟ್ಟಿರಬಹುದು — ನನ್ನದಲ್ಲವಂತೆ, ಅಪ್ಪ ಗೋವಿನಜೋಳದ ಹೊಲದಲ್ಲಿ ಹಂದಿ ಬೆದರಿಸಿದ ಬಂದೂಕು, ಈಗ ಟಪ್ ಅನ್ನುವುದಕ್ಕೂ ಒಲ್ಲದು, ಹಿಂದೊಮ್ಮೆ ಬರೀ ಮದ್ದಿನ ಪುಡಿ ಸಿಕ್ಕಿದ್ದಕ್ಕೇ ಕೇಸಾಗಿತ್ತು, ಹೂಂ ಅಂದಬಿಡೋ, ದಂಡ ಕಟ್ಟಿ ಲಗೂನ ಮನಿಗೆ ಹೋಗೂಣು ಅಂದಿದ್ದ ಆಗಿನ ವಕೀಲ, ಅಂದೆ, ಹೋದೆ, ಆ ಹೂಂ ಈಗ ಶಿಕ್ಷೆಯನ್ನು ದುಪ್ಪಟ್ಟು ಮಾಡಿ ಕೂತಿದೆ, ಎರಡನೇ ಸಲ ಸಿಕ್ಕವರಿಗೆ ಕಾಯಿದೆಯೇ ಹಾಗಂತೆ, ಯಾರು ಹೇಳಿದ್ದರು ನನಗೆ, ಈ ಅಪೀಲಿನಲ್ಲೂ ಏನೂ ಆಗುವುದಿಲ್ಲ, ಗೊತ್ತು ನನಗೆ, ಜೈಲಿಗೆ ಹೋಗುವುದೇ, ಹೋಗುತ್ತೇನೆ, ಅದೊಂದು ಮಾತು ಮಾತ್ರ ಹಿಂದಿನ ಬೆಂಚಿನ ಮೇಲೆ ಬುತ್ತಿ ಹಿಡಿದು ಕೂತ ಬೀರವ್ವನ ಕಿವಿಗೆ ಬೀಳದಿದ್ದರೆ ಸಾಕು —

ಹೆಂಡತಿ ಅಂತ ಸಾಕ್ಷಿಗೆ ಕರೆದಿದ್ದರು ಅವಳನ್ನು, ಕೆಳಗಿನ ಕೋರ್ಟಿನಲ್ಲಿ, ವಾರಗಟ್ಟಲೆ ಎಮ್ಮೆಯ ಮುಂದೆ ನಿಂತು ಕಲಿತಿದ್ದಳು ಪಾಪ, ನಾ ಅದನ್ನ ನೋಡೇ ಇಲ್ರಿ, ನಾ ಅದನ್ನ ನೋಡೇ ಇಲ್ರಿ, ಎಮ್ಮೆಗೂ ಬಾಯಿಪಾಠ ಆಗಿರಬೇಕು, ಕಟ್ಟೆಯಲ್ಲೂ ತಪ್ಪಲಿಲ್ಲ, ಗಟ್ಟಿಯಾಗಿ ಅಂದಳು, ಅಂದವಳೇ ಮುಂದಿಟ್ಟ ಬಂದೂಕಿನ ನಳಿಗೆಯನ್ನು ಮೆಲ್ಲಗೆ ಮುಟ್ಟಿ ಬೆರಳು ಕಣ್ಣಿಗೊತ್ತಿಕೊಂಡಳು, ಪ್ರತಿ ಮಹಾನವಮಿಗೆ ಕುಡಗೋಲು ಕೊಡಲಿಯ ಜತೆ ಇಟ್ಟು ಕುಂಕುಮ ಹಚ್ಚಿದ ಕೈ ಅದು, ಬಾಯಿಗೆ ಕಲಿಸಿದೆವು, ಕೈಗೆ ಯಾರು ಕಲಿಸಬೇಕು, ಆಗಿನ ಜಡ್ಜರು ತಲೆಯೆತ್ತಿ ನೋಡಿದರು, ಏನೋ ಬರೆಸಿದರು, ಅಲ್ಲಿಗೇ ಕೇಸು ಮುಳುಗಿತು, ಅವಳಿಗದು ತಿಳಿಯಲೇ ಇಲ್ಲ, ಕರ್ಜಗಿ ಬಸ್ಸಿನಲ್ಲಿ ಕೇಳಿದಳು, ನಾ ಛಲೋ ಹೇಳಿದ್ನಿಲ್ಲರಿ, ಭಾಳ ಛಲೋ ಹೇಳಿದಿ ಬಿಡು ಅಂದೆ, ನಕ್ಕಳು — ಇಂಗ್ಲಿಷಿನಲ್ಲೇ ಓದಿ ಮುಗಿಸಿರಿ ಸಾಹೇಬ, ಅವಳಿಗೆ ತಿಳಿಯದಿರಲಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಓದುತ್ತಿದ್ದಾರೆ, ಅಪೀಲು ವಜಾ ಅಂತ ಶಂಭುಲಿಂಗರ ಮುಖವೇ ಹೇಳಿತು, ಮುಗಿಯಿತು, ಇಷ್ಟೇ — ಇಲ್ಲ, ಕನ್ನಡಕ ತೆಗೆದರು, ಒಳ್ಳೆಯ ಮನುಷ್ಯ, ನಮಗೂ ತಿಳಿಯಲಿ ಅಂತ ಕನ್ನಡದಲ್ಲಿ ಹೇಳುತ್ತಿದ್ದಾರೆ, ನೋಡಪಾ ಡಾಕಪ್ಪ, ಬಂದೂಕು ನಿನ್ನದಲ್ಲ ಅಂದ್ರ ಹ್ಯಾಂಗ ನಂಬೋದು, ನಿನ್ನ ಹೆಂಡ್ತೀನ ಅದನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಂಡಾಳಲ್ಲ — ಪೊಲೀಸನ ಕೈ ನನ್ನ ರಟ್ಟೆಯ ಮೇಲೆ, ನಡಿಯೋ, ತಿರುಗಬಾರದು, ತಿರುಗಿದೆ, ಬುತ್ತಿ ಕೆಳಗೆ ಬಿದ್ದಿದೆ, ಬೀರವ್ವ ನನ್ನನ್ನು ನೋಡುತ್ತಿಲ್ಲ, ಬಲಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಾಳೆ, ಒರೆಸುತ್ತಿದ್ದಾಳೆ, ಬೀರವ್ವ ಸಾಕು ಬಿಡು, ಒರೆಸುತ್ತಲೇ ಇದ್ದಾಳೆ