ಬಿಚ್ಚುವುದಕ್ಕೆ ಪುರಾವೆ

ಅತ್ತೆಯ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಬಿಗಿದಿದ್ದನ್ನು ಕಂಡು ಸೊಸೆಗೆ ಪಿತ್ತ ನೆತ್ತಿಗೇರಿತು. ಏರದೆ ಇನ್ನೇನು? ಮನೆಯಲ್ಲಿ ಇಬ್ಬರದೂ ಹಾವು ಮುಂಗುಸಿಯ ಸಂಬಂಧ, ಅದು ಬೇರೆ ಮಾತು. ಆದರೆ ಬಟ್ಟೆ ಹೊಲಿದು ಸಂಸಾರ ಸಾಕಿದ ಕೈಗಳು ಅವು. ಬೈಯುವಾಗಲಂತೂ ಬಾಯಿಗಿಂತ ಮುಂದಾಗಿ ಗಾಳಿಯಲ್ಲಿ ಆಡುತ್ತಿದ್ದ ಕೈಗಳು. ಸೊಂಟದ ಮೂಳೆಯ ಆಪರೇಷನ್ ಆದ ಮೇಲೆ ಮುದುಕಿಗೆ ಮಂಪರು, ಗೊಂದಲ. ಮೂತ್ರದ ಪೈಪನ್ನು ಎಳೆದಳಂತೆ, ಮಂಚ ಇಳಿಯಲು ಹೋದಳಂತೆ. ಅದಕ್ಕೆ ಈ ಶಿಕ್ಷೆ. ಪಕ್ಕದಲ್ಲಿ ಕೂತು ನೋಡಿಕೊಳ್ಳೋಣವೆಂದರೆ ಸಂಜೆ ಒಂದು ತಾಸು ಬಿಟ್ಟರೆ ಮನೆಯವರನ್ನು ಒಳಗೇ ಬಿಡುವುದಿಲ್ಲ.

ಸೊಸೆಯೂ ಅದೇ ಆಸ್ಪತ್ರೆಯ ನರ್ಸ್, ಆದರೆ ಮಕ್ಕಳ ವಾರ್ಡಿನವಳು. ಹಿಂದೆ ಮುಂದೆ ನೋಡದೆ ಗಂಟು ಬಿಚ್ಚಿದಳು. ಮೂಳೆ ವಾರ್ಡಿನ ಹಿರಿಯ ಸಿಸ್ಟರ್, ಎಲ್ಲರ ಬಾಯಲ್ಲಿ ‘ಕಟ್ಟುನಿಟ್ಟು’, ಬಂದು ಮತ್ತೆ ಬಿಗಿದಳು, ಹೋಗಿ ದೂರನ್ನೂ ಕೊಟ್ಟಳು. ಆ ಅಡ್ಡಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು.

ನರ್ಸಿಂಗ್ ಸೂಪರಿಂಟೆಂಡೆಂಟ್ ಕರೆಸಿದರು. “ಕಟ್ಟದಿದ್ರೆ ಬೀಳ್ತಾರೆ. ಮೊದಲಿಂದಲೂ ಹೀಗೇ ನಡ್ಕೊಂಡು ಬಂದಿದೆ. ಬೇಡ ಅನ್ನೋದಾದ್ರೆ ಸಂಶೋಧನೆ ತೋರ್ಸು, ಪುರಾವೆ ತಗೊಂಡು ಬಾ. ಅಲ್ಲೀತನಕ ಗಂಟು ಮುಟ್ಟಿದ್ರೆ ನಿನ್ನ ಕೆಲಸಕ್ಕೆ ಕುತ್ತು, ನೋಡು.”

ಹಲ್ಲು ಕಚ್ಚಿಕೊಂಡು ಆಸ್ಪತ್ರೆಯ ಲೈಬ್ರರಿಗೆ ನಡೆದಳು. ಕಂಪ್ಯೂಟರಿನ ಮುಂದೆ ಕೂತು ಕುಟ್ಟಿದಳು: ರೋಗಿಯ ಕೈ ಕಟ್ಟುವುದರ ಹಾನಿಗಳು.

ಹಿಂದೆ ನಿಂತಿದ್ದ ಲೈಬ್ರರಿಯನ್ ಕನ್ನಡಕ ಸರಿಮಾಡಿಕೊಂಡ. “ಅಲ್ಲಮ್ಮ, ನೀನು ಪ್ರಶ್ನೆ ಕೇಳ್ತಿದ್ದೀಯೋ, ಜಗಳ ಆಡ್ತಿದ್ದೀಯೋ?”

“ಎರಡೂ!”

“ಹಾನಿ ಅಂತ ಹುಡುಕಿದ್ರೆ ಹಾನೀನೇ ಸಿಗುತ್ತೆ. ಕಟ್ಟಿದ್ರೆ ಬೀಳೋದು ಕಮ್ಮಿ ಆಗುತ್ತಾ ಅಂತ ಕೇಳು. ಹೌದು ಅಂತ ಬಂದ್ರೂ ಬರ್ಲಿ.”

ಹೌದು ಅಂತ ಬಂದರೆ ಅತ್ತೆಯ ಕೈಗೆ ಕಂಬಿಯೇ ಗತಿ. ಆದರೂ ‘ಹಾನಿ’ಯನ್ನು ಅಳಿಸಿದಳು.

ಡ್ಯೂಟಿ ಮುಗಿದೊಡನೆ ದಿನವೂ ಅಲ್ಲೇ ಠಿಕಾಣಿ. ಹೆಸರು ನೋಡಿ ಆಸೆಪಟ್ಟು ತೆಗೆದರೆ ಒಳಗೆ ಏನೂ ಇಲ್ಲದ ಲೇಖನಗಳು, ಬೆರಳೆಣಿಕೆಯ ರೋಗಿಗಳನ್ನು ನೋಡಿ ಲೋಕಕ್ಕೆಲ್ಲ ಬುದ್ಧಿ ಹೇಳುವ ಲೇಖನಗಳು. ಕೊನೆಗೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದ ಕೆಲವು ಲೇಖನಗಳು ಸಿಕ್ಕವು. ಕಟ್ಟಿದ್ದರಿಂದ ಬೀಳುವುದು ಕಡಿಮೆಯಾಯಿತೆಂದು ಅವುಗಳಲ್ಲಿ ಕಾಣಲಿಲ್ಲ. ಗೊಂದಲ ಹೆಚ್ಚುವುದು, ಗಾಯವಾಗುವುದು ಕಂಡಿತು. ‘ಖಚಿತವಾಗಿ ಹೇಳಲಾಗದು’ ಎಂದಿದ್ದ ಒಂದನ್ನೂ ಬಚ್ಚಿಡದೆ ಜೊತೆಗಿಟ್ಟಳು.

ಸೂಪರಿಂಟೆಂಡೆಂಟ್ ಕಾಟಾಚಾರಕ್ಕೆ ಹಾಳೆ ತಿರುವಿದರು. “ಇದೆಲ್ಲ ಬೇರೆ ಕಡೇದು. ಅಲ್ಲಿ ನರ್ಸ್‌ಗಳು ಜಾಸ್ತಿ ಇರ್ತಾರೆ. ಬರೋ ತಿಂಗಳು ಸಮಿತಿ ಮುಂದೆ ಇಡೋಣ.”

“ಕಟ್ಟೋಕೆ ಯಾವ ಸಮಿತಿ ಕೂತಿತ್ತು ಮೇಡಂ? ಕಟ್ಟಿ ಅನ್ನೋ ಕಾಗದ ಎಲ್ಲಿದೆ, ತೋರ್ಸಿ ನೋಡೋಣ! ಬಿಚ್ಚೋಕೆ ಮಾತ್ರ ಪುರಾವೆ ಬೇಕಾ?”

ಮೇಡಂ ಗಡಿಯಾರ ನೋಡಿ, ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. ಥೂ!

ಸೊಸೆ ದಡದಡನೆ ಮೂಳೆ ವಾರ್ಡಿಗೆ ಬಂದು ಅತ್ತೆಯ ಎರಡೂ ಗಂಟು ಬಿಚ್ಚಿದಳು. ಬಿಚ್ಚಿದ್ದೇ ತಡ, ಪಟಾರನೆ ಕೆನ್ನೆಗೊಂದು ಏಟು ಬಿತ್ತು.

“ನೋಡಿದ್ಯಾ? ಇದಕ್ಕೇ ಕಟ್ಟೋದು,” ಎಂದಳು ಕಟ್ಟುನಿಟ್ಟು.

“ಎಲ್ಲಿ ಹಾಳಾಗಿ ಹೋಗಿದ್ಯೇ?” ಅತ್ತೆ ಗದರಿದಳು. “ಕರೆದೂ ಕರೆದೂ ಗಂಟ್ಲು ಒಣಗಿಹೋಯ್ತು.” ಮಂಪರಿದ್ದರೂ ಸೊಸೆಯ ಗುರುತು ಚೆನ್ನಾಗಿಯೇ ಸಿಕ್ಕಿತ್ತು.

“ಕಟ್ಟಬಾರದು ಅನ್ನೋದಕ್ಕೆ ಪುರಾವೆ ಹುಡುಕ್ತಿದ್ದೆ, ಅತ್ತೆ.”

ಮುದುಕಿ ಮಣಿಕಟ್ಟುಗಳನ್ನು ಅವಳ ಮೂಗಿನ ಮುಂದೆ ಹಿಡಿದಳು. ಸುತ್ತಲೂ ಚರ್ಮ ಸುಲಿದು ಕೆಂಪಾಗಿತ್ತು. “ಇಲ್ಲೇ ಇತ್ತಲ್ಲೇ! ಎಲ್ಲಿ ಹುಡುಕೋಕೆ ಹೋಗಿದ್ದೆ?”

ಏಟಿಗೆ ಬಾರದ ಕಣ್ಣೀರು ಈ ಮಾತಿಗೆ ಬಂತು. ತನ್ನ ಮೇಲೇ ಉರಿದುಬಿದ್ದು, ಸ್ಟೂಲನ್ನು ಎಳೆದುಕೊಂಡು ಕೂತಳು. “ನಾನು ಇಲ್ಲೇ ಇರ್ತೀನಿ ಸಿಸ್ಟರ್. ಕೆಲಸ ಹೋದ್ರೆ ಹೋಗ್ಲಿ. ಇನ್ಮೇಲೆ ಕಟ್ಟೋಕೆ ಬರೋರು ಕಟ್ಟಿ ಅನ್ನೋ ಕಾಗದ ಹಿಡ್ಕೊಂಡು ಬರ್ಲಿ.”

“ಅಮ್ಮಾ...” ಪಕ್ಕದ ಮಂಚದಿಂದ ಸಣ್ಣ ದನಿ. ಇನ್ನೊಬ್ಬ ಮುದುಕಿ, ಕಟ್ಟಿದ ಬಟ್ಟೆ ಬಿಟ್ಟಷ್ಟು ಕೈ ಎತ್ತಿದ್ದಳು. ಇಷ್ಟು ದಿನವೂ ಅಲ್ಲೇ ಇದ್ದವಳು. ಸೊಸೆ ಒಮ್ಮೆಯೂ ಅತ್ತ ತಿರುಗಿರಲಿಲ್ಲ.

“ನಾನು ಯಾರ ಅತ್ತೇನೂ ಅಲ್ಲ ಕಣಮ್ಮ. ಆ ಪುರಾವೆ ನನಗೂ ನಡೆಯುತ್ತಾ?”

ಸೊಸೆ ಎದ್ದಳು. ಗಂಟು ಕಲ್ಲಾಗಿತ್ತು. ಕತ್ತರಿ ಕೇಳಿದರೆ ಕಟ್ಟುನಿಟ್ಟು ಕೊಡಲಿಲ್ಲ. ಬಗ್ಗಿ, ಹಲ್ಲಿನಿಂದಲೇ ಕಚ್ಚಿ ಎಳೆದಳು.